ಅಂಗೈ ಅಡ್ಡ ಹಿಡಿದು ನೋಡಿದ ಸಮುದ್ರ

ಮಾನ್ಯ ಓದುಗರಲ್ಲಿ ಮೊದಲಿಗೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಕಾಗುಣಿತದ ದೋಷಗಳನ್ನೂ ಕೆಟ್ಟ ಕೈಬರಹವನ್ನೂ ದಯಮಾಡಿ ಮನ್ನಿಸಬೇಕು. ನಾನು ಚನ್ನಗಿರಿಯ ತಾಲ್ಲೂಕು ಕಚೇರಿಯ ಎದುರಿನ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಪರರ ಅರ್ಜಿಗಳನ್ನು ಸಿದ್ಧಪಡಿಸುವವಳು. ಪೆನ್ನು ಹಿಡಿದು ನನ್ನದೇ ವಿಷಯ ಬರೆಯುತ್ತಿರುವುದು ಇದೇ ಪ್ರಥಮ. ಆದ ಕಾರಣ ಅಕ್ಷರಗಳು ಸೊಟ್ಟಗಾಗುತ್ತಿವೆ. ಸಂತೋಷಕ್ಕೂ ಸೊಟ್ಟಗಾಗುತ್ತಿರಬಹುದು.

ವಿಷಯ: ಬೈಬಲ್ ಕಥೆಗಳನ್ನು ಆಧರಿಸಿ ಕೋಟಿಗಟ್ಟಲೆ ಹಣ ಸುರಿದು ತೆಗೆಯುವ ಚಿತ್ರಗಳು ಈ ಕಾಲದ ಸಿನಿಮಾಕ್ಕೆ ತಕ್ಕವೇ ಎಂಬ ಬಗ್ಗೆ.

ಅಂತಹ ಚಿತ್ರವೊಂದು ಹಿಂದಿಗೆ ಡಬ್ ಆಗಿ ದಾವಣಗೆರೆಗೆ ಬಂದಾಗ ಈ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದಿತು. ಕೋಲೆತ್ತಿ ಸಮುದ್ರವನ್ನು ಸೀಳಿದವರ ಕಥೆ ಅದು. ಕ್ರೈಸ್ತರು ಮೋಶೆ ಎನ್ನುವ ಅವರೇ ನಮಗೆ ಮೂಸಾ ನಬಿ, ಅಂದರೆ ಪ್ರವಾದಿ. ನನ್ನ ತಾಯಿಯ ತಾಯಿ, ಅಂದರೆ ನಾನಿ, ಈ ಕಥೆಯನ್ನು ಓಣಿಯ ಮಕ್ಕಳಿಗೆಲ್ಲ ಹೇಳಿಕೊಂಡು ಬಂದವರು. ಆದರೆ ಸಮುದ್ರವನ್ನು ಕಂಡವರಲ್ಲ. ಅವರ ಕಥೆಯಲ್ಲಿ ಸೀಳುತ್ತಿದ್ದುದು ನಮ್ಮ ಸೂಳೆಕೆರೆಯೇ. ನಬಿಯವರು ಏರಿಯ ಮೇಲೆ ನಿಂತರೆ, ನೀರು ಆ ಗುಡ್ಡಕ್ಕೊಂದು ಪಾಲು, ಈ ಗುಡ್ಡಕ್ಕೊಂದು ಪಾಲು ಸರಿದು ಗೋಡೆಯಂತೆ ನಿಂತು, ನಡುವೆ ಒಣನೆಲ ಕಾಣುತ್ತಿತ್ತು. ಆ ಚಿತ್ರದಲ್ಲಿ ನೀರು ಮೇಲೇಳುವ ತುಣುಕೊಂದನ್ನು ನಾನು ಮೊಬೈಲಿನಲ್ಲಿ ತೋರಿಸಿದ್ದೇ ತಡ, "ನಂಗೆ ಇದನ್ನ ದೊಡ್ಡದಾಗಿ ನೋಡಬೇಕು" ಎಂದು ಹಟ ಹಿಡಿದರು.

ಅಡಿಕೆ ಮಂಡಿಯಲ್ಲಿ ಕೆಲಸ ಮಾಡುವ ಮಾಮು, ಅಂದರೆ ನಾನಿಯ ಮಗ, ಕೂಡಲೇ ಆಕ್ಷೇಪಣೆ ಎತ್ತಿದರು. ಪಕ್ಕದ ಮನೆಯ ಅಕ್ಕ ಅಲ್ಲಿಯೇ ಕುಳಿತಿದ್ದರಿಂದ, ನಮ್ಮ ಮನೆಮಾತು ಉರ್ದುವಾದರೂ, ಮಾತೆಲ್ಲ ಕನ್ನಡದಲ್ಲಿಯೇ ನಡೆಯಿತು.

"ಇಷ್ಟು ಹಳೇ ಕಥೆಗೆ ಅಷ್ಟು ದುಡ್ಡು ಸುರಿಯಾಕೆ ಅವ್ರಿಗೆ ಬ್ಯಾರೆ ಕೆಲಸ ಇಲ್ಲೇನು? ಈ ಕಾಲದ ಕಥೆ ಎಲ್ಲಾ ಮುಗಿದೋದ್ವಾ? ಅದೂ ಅಲ್ದೆ ಅಮ್ಮೀ, ಅದ್ರಾಗೆ ನಬಿಯವರ ವೇಷ ಹಾಕಿರ್ತಾರೆ. ನೋಡಬಾರ್ದು."

ನಬಿಗಳ ಚಿತ್ರ ಬರೆಯುವುದಾಗಲಿ, ವೇಷ ಕಟ್ಟುವುದಾಗಲಿ ನಮ್ಮಲ್ಲಿ ಸಲ್ಲದು.  ಮಾಮು ಅತ್ತ ಹೋದ ಮೇಲೆ ನಾನಿ ನನ್ನನ್ನು ಒಲೆಯ ಬಳಿ ಕರೆದು, "ನಾನು ನೀರು ನೋಡಾಕೆ ಹೋಗ್ತೀನಿ. ಅವ್ರು ಬಂದಾಗ ನೀನು ಕೈ ಹಿಸುಕು, ಕಣ್ಣು ಮುಚ್ಕಂತೀನಿ" ಎಂದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ಅಕ್ಕನೂ ಹೊರಟರು.

ದಾವಣಗೆರೆಯ ಚಿತ್ರಮಂದಿರದಲ್ಲಿ ನಾನಿಯ ಕೈ ನನ್ನ ಕೈಯೊಳಗಿತ್ತು. ಮೊದಲಿಗೇ ಚಿನ್ನದ ಎದೆಗವಚ ತೊಟ್ಟ, ನುಣ್ಣಗೆ ಗಡ್ಡ ಬೋಳಿಸಿದ ರಾಜಕುಮಾರನೊಬ್ಬ ರಥ ಓಡಿಸಿಕೊಂಡು ಬಂದ.

"ಮಾಶಾ ಅಲ್ಲಾ! ಹುಡುಗ ಹೆಂಗವ್ನೆ ನೋಡೇ! ನಮ್ಮ ಓಣಿಗೆ ಇಂಥಾ ಅಳಿಯ ಒಬ್ಬನೂ ಬರಲಿಲ್ಲ."

ನಾನು ಕೈ ಹಿಸುಕಿದೆ. ನಾನು ಹೌದೆನ್ನುತ್ತಿದ್ದೇನೆಂದು ತಿಳಿದು ಅವರೂ ತಿರುಗಿ ಹಿಸುಕಿದರು. ಜೋರಾಗಿ ಹಿಸುಕಿದೆ. ಅವರೂ ಜೋರಾಗಿ ಹಿಸುಕಿದರು. ಅತ್ತ ಕೋಲು ಹಿಡಿದ ಗಡ್ಡದ ಕುರಿಗಾಹಿ ಯಾರೇ ಬರಲಿ, ನನ್ನ ಸೂಚನೆಗೂ ಕಾಯದೆ ಭಕ್ತಿಯಿಂದ ಕಣ್ಣು ಮುಚ್ಚುತ್ತಿದ್ದರು.

ಅಕ್ಕ ತಡೆಯಲಾರದೆ ಬಗ್ಗಿ ಹೇಳಿದರು: "ನಾನಿ, ಆ ಚಿನ್ನದ ಹುಡುಗನೇ ಕಣ್ರೀ ಮೂಸಾ! ಅರಮನೇಲಿ ಬೆಳೆದ್ರು ಅಂತ ನೀವೇ ಹೇಳಿದ್ರಲ್ರೀ."

"ಯಾ ಅಲ್ಲಾ! ಗಡ್ಡ ಎಲ್ಲೈತೆ?"

"ಗಡ್ಡ ಇಂಟರ್‌ವಲ್ ಆದ್ಮ್ಯಾಲೆ ಬರುತ್ತೆ ಅಜ್ಜಿ, ಸುಮ್ಕೆ ಕೂತ್ಕಳ್ರಿ" ಎಂದಿತು ಹಿಂದಿನ ಸಾಲಿನ ಒಂದು ಗಂಡುದನಿ.

ನಾನಿ ಕಣ್ಣು ಮುಚ್ಚಿದವರು ಮತ್ತೆ ತೆರೆಯಲಿಲ್ಲ. ನನಗೆ ಗಾಬರಿಯಾಯಿತು. ಪ್ರತಿ ದೃಶ್ಯದಲ್ಲಿಯೂ ಆ ನಟನೇ ಇದ್ದ; ಸಮುದ್ರದ ಮುಂದೆಯೂ ಅವನೇ ಇರುವನಲ್ಲ! ಇಂಟರ್‌ವಲ್‌ನಲ್ಲಿ ಅವರು, "ಸಾಕು, ಮನಿಗೆ ಕರ್ಕಂಡು ಹೋಗು" ಎಂದರು.

"ನೀರು ಇನ್ನೂ ಬಂದೇ ಇಲ್ಲ ಕಣ್ರೀ! ಇಷ್ಟು ದೂರ ಬಂದು ಮಂಡಕ್ಕಿ ತಿಂದ್ಕಂಡು ವಾಪಸ್ ಹೋಗಾಣೇನು?" ಎಂದರು ಅಕ್ಕ. ನಾನಿ ಏಳಲಿಲ್ಲ. ಕಣ್ಣನ್ನೂ ತೆರೆಯಲಿಲ್ಲ.

ಕೊನೆಗೆ ಅಲೆಗಳ ಸದ್ದು ಕುರ್ಚಿಯನ್ನೇ ನಡುಗಿಸಿತು. ಆ ನಟ ದಡದ ನಟ್ಟನಡುವೆ ಕೋಲೆತ್ತಿ ನಿಂತಿದ್ದ. ಆಗ ನಾನಿ ನನ್ನ ಹಿಡಿತದಿಂದ ಕೈ ಬಿಡಿಸಿಕೊಂಡರು. ತೋಳನ್ನು ಮುಂದಕ್ಕೆ ಚಾಚಿ, ಅಂಗೈಯನ್ನು ಸರಿಯಾಗಿ ಆ ಮನುಷ್ಯನಿಗೆ ಅಡ್ಡ ಹಿಡಿದು, ಕಣ್ಣು ತೆರೆದರು!

ಅಂಗೈಯ ಆಚೆಗೂ ಈಚೆಗೂ ನೀರು ಎದ್ದಿತು.

"ಅಜ್ಜಿ, ಕೈ ಇಳಿಸ್ರಿ, ನಮಗೂ ಕಾಣ್ಲಿ!" ಎಂದಿತು ಹಿಂದಿನ ದನಿ.

"ತಡಿಯಪ್ಪಾ, ಅವ್ರು ಸಣ್ಣಗಾಗ್ಲಿ."

ಅವನು ನಿಜವಾಗಿಯೂ ಸಣ್ಣಗಾದ. ಕ್ಯಾಮೆರಾ ಹಿಂದಕ್ಕೆ, ಮೇಲಕ್ಕೆ ಸರಿದಂತೆ ನಾನಿ ಒಂದೊಂದೇ ಬೆರಳು ಮಡಚಿದರು. ಕಡೆಗೆ ಹೆಬ್ಬೆರಳೊಂದು ಸಾಕಾಯಿತು. ಆಮೇಲೆ ಅದೂ ಬೇಡವಾಯಿತು, ಜನರ ನಡುವೆ ಅವನಾರೆಂದು ತಿಳಿಯದಂತಾಗಿ. ಪರದೆಯ ತುಂಬ ಎರಡು ಹಸಿರು ನೀರಿನ ಗೋಡೆಗಳು, ಒಳಗೆ ಮೀನುಗಳು! ನನಗೆ ರೋಮಾಂಚನವಾಯಿತು. "ಹೊನ್ನಾಳಿ ಹೊಳೆ ಉಕ್ಕಿ ರಸ್ತೆ ಮುಚ್ಚಿದಾಗ ನಮ್ಮ ಗೋವಿನಕೋವಿ ಬಸ್ಸಿಗೆ ಇಂಥಾ ಕೋಲು ಬೇಕಿತ್ತು!" ಎಂದು ತವರೂರನ್ನು ನೆನೆದು ಅಕ್ಕ ಕೂಗಿಯೇ ಬಿಟ್ಟರು. ಈ ಬಾರಿ ಹಿಂದಿನವರೂ ನಕ್ಕರು.

ಚನ್ನಗಿರಿಯ ಬಸ್ ನಿಲ್ದಾಣದಲ್ಲಿ ಮಾಮು ಕಾಯುತ್ತಿದ್ದರು. "ಏನಮ್ಮೀ, ದುಡ್ಡು ದಂಡ ಆತಾ?"

"ಸೂಳೆಕೆರೆಗಿಂತ ದೊಡ್ಡದೈತೆ ಕಣೋ," ಎಂದರು ನಾನಿ. "ನೀರು ಗ್ವಾಡೆ ಥರ ನಿಂತಿತ್ತು ಅಂತ ನಾನು ಹೇಳ್ತಿದ್ನಲ್ಲ, ಹಂಗಲ್ಲ ಅದು. ನಡುಗ್ತಾ ಇರ್ತೈತೆ."

ಈಗ ಅವರು ಕಥೆ ಹೇಳುವಾಗ ಆ ಘಟ್ಟ ಬಂದರೆ ತೋಳು ಚಾಚಿ ಅಂಗೈ ಎತ್ತುತ್ತಾರೆ. ಓಣಿಯ ಮಕ್ಕಳೂ ಎತ್ತುತ್ತಾರೆ.

ಹಳೆಯ ಕಥೆಗೆ ಇಷ್ಟು ಖರ್ಚು ಏಕೆ ಎಂಬ ಮಾಮುವಿನ ಆಕ್ಷೇಪಣೆಗೆ ನನ್ನ ಉತ್ತರವನ್ನು ಈ ಮೂಲಕ ಸಲ್ಲಿಸುತ್ತಿದ್ದೇನೆ. ಮೊಬೈಲಿನ ಮುಂದೆ ನಾನಿ ಅಂಗೈ ಹಿಡಿದಿದ್ದರೆ ಸಮುದ್ರವೇ ಮುಚ್ಚಿಹೋಗುತ್ತಿತ್ತು. ಆ ಮನುಷ್ಯನನ್ನು ಮರೆಮಾಡಿದ ಮೇಲೂ ನೀರು ಉಳಿಯಬೇಕಾದರೆ ಅಷ್ಟು ದೊಡ್ಡದು ಬೇಕೇ ಬೇಕು. ಆದುದರಿಂದ ಇಂತಹ ಚಿತ್ರಗಳು ಬರಲಿ, ದೊಡ್ಡದಾಗಿಯೇ ಬರಲಿ.

ಮೇಲ್ಕಂಡ ಬರಹದಲ್ಲಿ ಅಕ್ಷರವಾಗಲಿ, ಒತ್ತಾಗಲಿ, ದೀರ್ಘವಾಗಲಿ ತಪ್ಪಿದ್ದು ಕಂಡುಬಂದಲ್ಲಿ, ತಾವು ಸಂಕೋಚಪಡದೆ ಅಲ್ಲಿಯೇ ತಿದ್ದಿಕೊಡಬೇಕಾಗಿ ವಿನಂತಿ.