ಕೆಂಪಾದ ಬಾವಿ

1943ರ ಬೇಸಿಗೆಯಲ್ಲಿ ನಾನು ಮುಳಬಾಗಿಲು ತಾಲ್ಲೂಕಿನಲ್ಲಿ ಹೆಲ್ತ್ ವಿಸಿಟರ್ ಆಗಿದ್ದೆ. ಬಸುರಿ, ಬಾಣಂತಿಯರನ್ನು ಮನೆಮನೆಗೆ ಹೋಗಿ ನೋಡುವುದು ಡ್ಯೂಟಿ. ವಯಸ್ಸು ಇಪ್ಪತ್ತಮೂರು. ಕೋಲಾರದ ಕಾನ್ವೆಂಟಿನಲ್ಲಿ ಕಲಿತವಳು. ನನ್ನ ಹ್ಯಾಂಡ್‌ರೈಟಿಂಗ್ ಬಗ್ಗೆ ಬಹಳ ಜಂಬ. ಈಗ ನೆನೆದರೆ ಆ ಹುಡುಗಿಯ ಮೇಲೆ ಸ್ವಲ್ಪ ಪ್ರೀತಿ, ಸ್ವಲ್ಪ ನಾಚಿಕೆ.

ನಂಗಲಿಯಿಂದ ಎರಡು ಮೈಲಿ ಒಳಗೆ ಒಂದು ಹಳ್ಳಿ. ಪಕ್ಕದ ಊರಿನಲ್ಲಿ ಕಾಲರಾಕ್ಕೆ ಒಂದೇ ವಾರದಲ್ಲಿ ನಾಲ್ವರು ಹೋಗಿದ್ದರು. ರೋಗ ಇಲ್ಲಿಗೆ ಬರುವ ಮೊದಲೇ ಊರ ಬಾವಿಯನ್ನು ಶುದ್ಧ ಮಾಡಬೇಕೆಂದು ಆರ್ಡರ್ ಬಂತು. ಹೆಲ್ತ್ ಇನ್ಸ್‌ಪೆಕ್ಟರಿಗೆ ಜ್ವರ, ಕೆಲಸ ನನ್ನ ಪಾಲಿಗೆ. ಆಗ ಬಾವಿಗೆ ಹಾಕುತ್ತಿದ್ದುದು ಪೊಟ್ಯಾಶಿಯಂ ಪರ್ಮ್ಯಾಂಗನೇಟ್ ಎಂಬ ನೇರಳೆ ಹರಳು. ಬಕೆಟ್ಟಿನಲ್ಲಿ ಕರಗಿಸಿ ಸುರಿದರೆ ನೀರು ಕೆಂಪಾಗುತ್ತದೆ. ಮಾರನೆಯ ಬೆಳಿಗ್ಗೆಗೆ ಬಣ್ಣ ಇಳಿದು ಸೇದಲು ಯೋಗ್ಯವಾಗುತ್ತದೆ.

ಎಲ್ಲವನ್ನೂ ರೂಲ್ಸ್ ಪ್ರಕಾರವೇ ಮಾಡಿದೆ. ಬೆಳಿಗ್ಗೆ ಎಂಟಕ್ಕೆ ಹರಳು ಸುರಿದು, ಚಾವಡಿಯ ಕಂಬಕ್ಕೆ ನೋಟೀಸ್ ಅಂಟಿಸಿದೆ: ‘ನಾಳೆವರೆಗೆ ಈ ಬಾವಿಯ ನೀರು ಬಳಸಕೂಡದು.’ ತಳವಾರ ತಮಟೆ ಬಡಿದು ಅದನ್ನೇ ಸಾರಿದ. ಚಾವಡಿಯಲ್ಲಿ ಕೂರುವವರು ಗಂಡಸರು. ಅವರಲ್ಲಿ ಒಬ್ಬನೂ ಜನ್ಮದಲ್ಲಿ ಒಂದು ಬಿಂದಿಗೆ ನೀರು ಹೊತ್ತವನಲ್ಲ. ಹೆಂಗಸರು ಆಗ ಹೊಲದಲ್ಲಿದ್ದರು; ಮರಳಿ ಬಂದಾಗ ಅವರಿಗೆ ಕಂಡದ್ದು ಕೆಂಪು ಬಾವಿ ಮಾತ್ರ.

ಹನ್ನೊಂದು ಗಂಟೆಗೆ ವೆಂಕಟಮ್ಮನವರ ಮನೆಗೆ ಹೋದೆ. ಅವರ ಸೊಸೆ ರತ್ನಮ್ಮ ಚೊಚ್ಚಲ ಬಸುರಿ, ಎಂಟು ತಿಂಗಳು. ಮೂಲೆಯ ಬಿಂದಿಗೆಯಲ್ಲಿ ಮಣ್ಣು ಬಣ್ಣದ ನೀರು.

“ಇದು ಎಲ್ಲಿಯ ನೀರಮ್ಮ?”

“ಕುಂಟೇದು.”

ಕುಂಟೆ ಎಂದರೆ ದನ ತೊಳೆಯುವ ಹೊಂಡ! ಕಾಲರಾ ಬಂದ ಊರಿನ ಕಾಲುವೆಯೂ ಅದಕ್ಕೇ ಬಂದು ಸೇರುತ್ತಿತ್ತು.

“ಬಾವಿ ನೀರು ನಾಳೆ…”

“ಅದರ ಮಾತೆತ್ತಬೇಡ ನರ್ಸಮ್ಮಾ. ಯಾರೋ ಆ ಊರಿನ ದಿಷ್ಟಿ ತೆಗೆದು ನಮ್ಮ ಬಾವೀಗೆ ಸುರಿದವ್ರೆ. ಆ ನೀಳ್ಳು ಮಾಕೊದ್ದು, ಆ ನೀರು ನಮಗೆ ಬ್ಯಾಡ. ಬಸುರಿಗೆ ಅದನ್ನ ಕುಡಿಸ್ತೀನಾ?”

ಅರಿಶಿನಕ್ಕೆ ಸುಣ್ಣ ಬೆರೆಸಿದರೆ ನೀರು ರಕ್ತಗೆಂಪಾಗುತ್ತದೆ. ಅದನ್ನು ಕಾಯಿಲೆಯವರಿಗೆ ನಿವಾಳಿಸಿ ಮೂರು ದಾರಿ ಕೂಡುವಲ್ಲಿ ಚೆಲ್ಲುತ್ತಾರೆ. ಆ ನೀರನ್ನು ದಾಟಿದರೂ ಕೇಡು. ಇಡೀ ಬಾವಿಯನ್ನೇ ನಾನು ಅಂಥ ನೀರಾಗಿ ಮಾಡಿಟ್ಟಿದ್ದೆ. ಊರೆಲ್ಲ ಕುಂಟೆಗೆ ಇಳಿದಿತ್ತು. ನನ್ನ ನೋಟೀಸಿನಲ್ಲಿ ಯಾವ ನೀರು ಬೇಡ ಎಂದಿತ್ತು. ಯಾವುದು ಬೇಕು ಎಂದಿರಲಿಲ್ಲ.

“ಸುರಿದವಳು ನಾನೇ,” ಎಂದೆ.

ವೆಂಕಟಮ್ಮ ಎದ್ದು ನಿಂತರು. “ನೀನಾ? ಇಷ್ಟೆಲ್ಲಾ ಓದಿ ಕಲ್ತಿದ್ದು ಬಾವಿ ಕೆಡ್ಸೋದಾ?”

ಆ ದನಿಗೆ ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ನಾನು ವಾದಕ್ಕೆ ಇಳಿಯಲಿಲ್ಲ. ಬ್ಯಾಗಿನಿಂದ ಎರಡು ಗಾಜಿನ ಲೋಟ ತೆಗೆದು, ಒಂದಕ್ಕೆ ಅವರು ಹಿಂದಿನ ದಿನ ಸೇದಿಟ್ಟಿದ್ದರಲ್ಲಿ ತಳದಲ್ಲಿ ಉಳಿದಿದ್ದ ಬಾವಿ ನೀರು, ಇನ್ನೊಂದಕ್ಕೆ ಕುಂಟೆ ನೀರು ಹಾಕಿದೆ. ಎರಡಕ್ಕೂ ಒಂದೊಂದು ಚೂರು ಹರಳನ್ನು ವೆಂಕಟಮ್ಮನ ಕೈಯಲ್ಲೇ ಹಾಕಿಸಿದೆ. ಎರಡೂ ಕೆಂಪಾದವು. ಒಂದು ಎಲೆಅಡಿಕೆ ಜಗಿದು ಮುಗಿಸುವಷ್ಟು ಹೊತ್ತು ಕಾದೆವು. ಬಾವಿಯದು ಕೆಂಪಾಗಿಯೇ ನಿಂತಿತು. ಕುಂಟೆಯದು ಕಂದಿ, ಕಂದುಬಣ್ಣಕ್ಕೆ ತಿರುಗಿ, ಕೊನೆಗೆ ಬರೀ ಕೆಸರು.

“ಅಯ್ಯಯ್ಯೋ, ಬಣ್ಣಾನೇ ನುಂಗ್ಬಿಡ್ತಲ್ಲೇ!” ಎಂದಳು ಬಾಗಿಲಲ್ಲಿದ್ದ ಒಬ್ಬಳು.

“ಕೊಳೆ ಇದ್ದರೆ ಬಣ್ಣ ನಿಲ್ಲುವುದಿಲ್ಲ,” ಎಂದೆ.

ವೆಂಕಟಮ್ಮ ಲೋಟವನ್ನೇ ನೋಡುತ್ತಿದ್ದರು. “ಬಣ್ಣಾನೇ ನುಂಗಿದ್ದು ಹೊಟ್ಟೇಲಿರೋ ಕೂಸನ್ನ ಬಿಡುತ್ತಾ?” ಬಿಂದಿಗೆಯನ್ನು ಸೊಸೆಗೆ ಎಟುಕದ ಕಡೆ ಎತ್ತಿಟ್ಟರು. ಆಮೇಲೆ ನನ್ನತ್ತ ತಿರುಗಿ, “ಅದು ಸರಿ, ಇವತ್ತು ಏನು ಕುಡಿಯೋಣ? ನೀನು ಅಂಟಿಸಿದ ಕಾಗದಾನಾ?”

ಹೆಂಗಸರು ಗೊಳ್ಳೆಂದು ನಕ್ಕರು, ನಾನೂ ನಕ್ಕೆ. ಅವತ್ತು ಮನೆಮನೆಯ ಸ್ನಾನದ ಹಂಡೆಯಲ್ಲಿ ಕುಂಟೆ ನೀರನ್ನೇ ಸೋಸಿ, ಕೊತಕೊತ ಕುದಿಸಿದೆವು. ಮಾರನೆಯ ಬೆಳಿಗ್ಗೆ ಬಾವಿ ತಿಳಿಯಾಗಿತ್ತು. ಮೊದಲ ಬಿಂದಿಗೆ ಸೇದಿದವರು ವೆಂಕಟಮ್ಮ. ಮೂಸಿ ನೋಡಿ, ತಾವು ಒಂದು ಗುಟುಕು ಕುಡಿದು, ಚೊಂಬನ್ನು ಸೊಸೆಗೆ ಕೊಟ್ಟರು. “ಕುಡಿಯೇ. ಏನಾದ್ರೂ ಆದ್ರೆ ನರ್ಸಮ್ಮನ ಜುಟ್ಟು ನನ್ ಕೈಲೈತೆ.”

ಮೊದಲ ದಿನ, ಕುದಿಸುವ ಮೊದಲೇ ಕುಂಟೆ ನೀರು ಕುಡಿದಿದ್ದ ಇಬ್ಬರಿಗೆ ವಾಂತಿಭೇದಿಯಾಯಿತು. ಬದುಕಿಕೊಂಡರು, ಆದರೆ ಅದು ನನ್ನ ತಪ್ಪೇ. ರತ್ನಮ್ಮನಿಗೆ ಮುಂದಿನ ತಿಂಗಳು ಸುಖವಾಗಿ ಹೆಣ್ಣು ಹುಟ್ಟಿತು.

ಆಮೇಲೂ ಮೂವತ್ತು ವರ್ಷ ಸರ್ವೀಸ್ ಮಾಡಿದೆ. ಯಾವ ಊರಿಗೆ ಹೋದರೂ ಮೊದಲು ನೀರು ಹೊರುವವರ ಹತ್ತಿರ ಕೂತು, “ಈ ಬಾವಿ ನೀರು ನಿಲ್ಲಿಸಿದರೆ ಇವತ್ತು ಏನು ಕುಡಿಯುತ್ತೀರಿ?” ಎಂದು ಕೇಳುತ್ತಿದ್ದೆ. ಉತ್ತರ ಸಿಗುವವರೆಗೆ ಔಷಧಿಯ ಡಬ್ಬಿ ಮುಚ್ಚಿಯೇ ಇರುತ್ತಿತ್ತು.