ಮುಖ ಮುಚ್ಚಿ ತಂದ ಮರಿ

ಕುರಿ ಕಾಯುವ ಕಾಕಾ ನಾಯಿಮರಿಯನ್ನು ನನ್ನ ಮಡಿಲಿಗೆ ಹಾಕುವ ಮೊದಲು ಅದರ ಮುಖಕ್ಕೆ ಕಂಬಳಿಯ ತುಂಡು ಸುತ್ತಿದ. ಪ್ರತಿ ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ಅವನ ಕುರಿಹಿಂಡನ್ನು ನಮ್ಮ ಹೊಲದಲ್ಲಿ ಕೂಡಿಸುತ್ತಿದ್ದರು. ಆ ಹಿಂಡಿನ ನಾಯಿ ಹಾಕಿದ ಮರಿಗಳಲ್ಲಿ ಇದೊಂದು. ಗಡಹಿಂಗ್ಲಜದ ಹತ್ತಿರದ ನಮ್ಮೂರಿನಲ್ಲಿ ಮರಿ ಕೊಡುವವರೆಲ್ಲ ಹೀಗೆಯೇ ಮುಖ ಮುಚ್ಚಿ ಕೊಡುತ್ತಿದ್ದರು.

"ದಾರಿ ಕಾಣಬಾರದು ತಂಗಿ. ದಾರಿ ಕಂಡ್ರ ತಿರಗಿ ಓಡಿ ಬರತೈತಿ," ಅಂದ. "ಮನಿ ಮುಟ್ಟೂತನಾ ಬಿಚ್ಚಬ್ಯಾಡ."

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನನಗೆ ಮದುವೆಯಾಗಿ ತಿಂಗಳಾಗಿತ್ತು. ಗಂಡನ ಮನೆ ಇಚಲಕರಂಜಿಯಲ್ಲಿ. ಅವರ ಪವರ್‌ಲೂಮ್ ಶೆಡ್ ಅದೇ ಊರಿನ ಶಹಾಪುರ ಭಾಗದಲ್ಲಿತ್ತು. ಮನೆಯಲ್ಲಿ ಬೂದು ಬಣ್ಣದ ಒಂದು ಹಳೆಯ ಕಾರು, ಅದನ್ನು ನನ್ನ ಗಂಡ ತಾವೇ ಓಡಿಸುತ್ತಿದ್ದರು. ಆ ಕಾರಿನಲ್ಲಿ ನಾನು ಕೂತದ್ದು ಅದು ಮೂರನೆಯ ಸಲ. ಮದುವೆಯಾದ ದಿನ ಹೋಗಿದ್ದೆ, ಒಮ್ಮೆ ತವರಿಗೆ ಬಂದೆ, ಈಗ ಮತ್ತೆ ಹೊರಟಿದ್ದೆ. ಪಕ್ಕದಲ್ಲಿ ಅತ್ತೆ ಇರುತ್ತಿದ್ದುದರಿಂದ ಸೆರಗು ಹಣೆಯಿಂದ ಕೆಳಗೇ ಇರಬೇಕು. ಕಣ್ಣು ನೆಲಕ್ಕೆ, ಮೂಗಿಗೆ ನಿಂಬೆಹಣ್ಣು. ಸಂಕೇಶ್ವರ, ನಿಪ್ಪಾಣಿ, ಕಾಗಲ, ಕೊಲ್ಹಾಪುರ ಎಲ್ಲವನ್ನೂ ನಾನು ಹೀಗೆಯೇ ದಾಟಿದ್ದೆ. ಎಲ್ಲೆಲ್ಲಿ ವಾಂತಿಯಾಯಿತು ಎಂಬುದು ನೆನಪಿತ್ತು, ಒಂದು ಊರೂ ನೆನಪಿರಲಿಲ್ಲ.

ಆ ದಿನ ನಾನೂ ಮರಿಯೂ ಸರದಿಯ ಮೇಲೆ ವಾಂತಿ ಮಾಡಿಕೊಂಡೆವು. ಅತ್ತೆ ಮೂಗಿಗೆ ಸೆರಗು ಹಿಡಿದು ಆಚೆ ಕಿಟಕಿಗೆ ಅಂಟಿಕೊಂಡು ಕೂತರು. ನನ್ನನ್ನು ಬೈಯಲಿಲ್ಲ. ಮರಿಯನ್ನು ಬೈದರು. ಯಾರ ಪಾಲಿನ ಬೈಗುಳ ಯಾರಿಗೆ ಬಂತು ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಗಂಡನ ಮನೆಯಲ್ಲಿ ಯಾರೂ ಕೆಟ್ಟವರಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಕೇಳಿದವರೆಲ್ಲ ಅತ್ತೆಯ ಕಾಟವಿತ್ತೇ ಎಂದೇ ಶುರುಮಾಡುತ್ತಾರೆ. ಕಾಟವಿರಲಿಲ್ಲ. ಅಲ್ಲಿ ನನಗೆ ದುಃಖವೂ ಆಗುತ್ತಿರಲಿಲ್ಲ, ಸಂತೋಷವೂ ಆಗುತ್ತಿರಲಿಲ್ಲ. ಎದ್ದು ರೊಟ್ಟಿ ಬಡಿಯುತ್ತಿದ್ದೆ, ಅರಿವೆ ಒಗೆಯುತ್ತಿದ್ದೆ, ಕರೆದರೆ ಓಗೊಡುತ್ತಿದ್ದೆ. ಜೋಮು ಹಿಡಿದ ಕಾಲಿನ ಮೇಲೆ ನಿಂತ ಹಾಗೆ ಮೂರು ತಿಂಗಳು ನಿಂತಿದ್ದೆ. ಮರಿಯೊಂದಿಗೆ ಮಾತ್ರ ಮಾತಾಡುತ್ತಿದ್ದೆ. ಅದೂ ಹಿತ್ತಲಿನಲ್ಲಿ, ಸಣ್ಣ ದನಿಯಲ್ಲಿ.

ಮರಿಗೆ ಕಾರು ಕಂಡರೆ ನಡುಕ ಬರುತ್ತಿತ್ತು. ಬಾಗಿಲು ತೆಗೆದ ಸದ್ದಿಗೇ ನೀರಿನ ಹಂಡೆಯ ಹಿಂದೆ ಸೇರಿಕೊಳ್ಳುತ್ತಿತ್ತು. ಇದನ್ನು ನೋಡಿ ಅತ್ತೆ ಒಂದು ದಿನ, "ನೀ ನಾಗರ ಪಂಚಮಿಗೆ ತವರಿಗೆ ಹ್ವಾದ್ರ ಇದನ್ನ ನಾ ಸಂಬಾಳಸಾಂಗಿಲ್ಲ," ಅಂದರು. ಊಟಕ್ಕೆ ಕೂತಿದ್ದ ಗಂಡ ತಲೆ ಎತ್ತದೆ ತೀರ್ಪು ಕೊಟ್ಟರು: "ಅಷ್ಟರಾಗ ಗಾಡ್ಯಾಗ ಸುಮ್ಮ ಕುಂಡ್ರಾಕ ಕಲತ್ರ ನಿನ್ನ ಜೋಡಿ ಬರಲಿ. ಇಲ್ಲಂದ್ರ ಶೆಡ್ಡಿನ್ಯಾಗ ಕಟ್ಟೋದ."

ಶೆಡ್ಡಿನಲ್ಲಿ ಹಿಂದೆಯೂ ಒಂದು ನಾಯಿ ಇತ್ತು. ಹಗಲೂ ರಾತ್ರಿ ಮಗ್ಗಗಳ ಬಡಿತದ ಪಕ್ಕದಲ್ಲೇ ಕಟ್ಟಿಸಿಕೊಂಡಿದ್ದು, ಕೊನೆಕೊನೆಗೆ ಕರೆದರೂ ಕಿವಿ ಅಲುಗಿಸುತ್ತಿರಲಿಲ್ಲವಂತೆ. ಅದು ಸತ್ತ ಮೇಲೆ ಸರಪಳಿ ಅಲ್ಲೇ ಗೂಟಕ್ಕೆ ನೇತಾಡುತ್ತಿತ್ತು. ಬುತ್ತಿ ಕೊಡಲು ಹೋದಾಗ ನಾನೇ ನೋಡಿದ್ದೆ.

ಮರುದಿನದಿಂದ ಮರಿಯ ಊಟ ಕಾರಿನೊಳಗೆ. ಮನೆ ಮುಂದಿನ ಬೇವಿನ ಕೆಳಗೆ ನಿಂತ ಕಾರಿನ ಎರಡೂ ಬಾಗಿಲು ತೆರೆದಿಟ್ಟು, ಹಾಲಿನಲ್ಲಿ ನೆನೆಸಿದ ರೊಟ್ಟಿಯ ತಾಟನ್ನು ಕೆಳಗೆ ಕಾಲಿಡುವ ಜಾಗದಲ್ಲಿ ಇಡುತ್ತಿದ್ದೆ. ನಾನು ಸೀಟಿನ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದೆ. ಎದುರು ಮನೆಯವರೆಲ್ಲ ಬಂದು ನೋಡಿದರು. ಅತ್ತೆ ಬಾಗಿಲಲ್ಲಿ ನಿಂತು, "ಏಡೀ ಆಹೇಸ್ ಕಾ ಗ?" ಎಂದು ಮರಾಠಿಯಲ್ಲಿ ಕೇಳಿದರು. ಹುಚ್ಚಿ ಇದ್ದೀಯೇನು ಎಂದು. ಇರಬಹುದು ಅನ್ನಿಸಿತು, ಅಕ್ಕಿ ಆರಿಸುವುದನ್ನು ಮುಂದುವರಿಸಿದೆ.

ನಾಲ್ಕನೆಯ ದಿನ ಮರಿ ತಾನಾಗಿ ಹತ್ತಿತು. ಆಮೇಲೆ ಗಂಡ ಇಂಜಿನ್ ಚಾಲೂ ಮಾಡಿ ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಬಿಟ್ಟು ಬಂದ್ ಮಾಡುತ್ತಿದ್ದರು. ಜೊಲ್ಲು ಸುರಿಯುವ ಮೊದಲೇ ನಿಲ್ಲಿಸಬೇಕು ಎಂಬುದನ್ನು ನಾವಿಬ್ಬರೂ ಮಾತಾಡದೆಯೇ ಕಂಡುಕೊಂಡೆವು. ಇಂಜಿನ್ನಿಗೆ ಅದು ಹೊಂದಿಕೊಂಡಿತು. ಆದರೆ ಗಾಡಿ ಉರುಳಲು ಶುರುವಾಯಿತೋ, ಗಲ್ಲಿಯ ತುದಿ ಬರುವುದರೊಳಗೆ ತಿಂದದ್ದೆಲ್ಲ ಹೊರಗೆ. ಹೊಟ್ಟೆ ಖಾಲಿ ಇಟ್ಟು ನೋಡಿದೆ, ಹಳದಿ ನೀರು ಕಾರಿತು. ಶ್ರಾವಣ ಹತ್ತಿರ ಬಂದಿತ್ತು. ಗಂಡ ಶೆಡ್ಡಿನ ಸರಪಳಿಯನ್ನು ಮನೆಗೆ ತಂದು, ಎಣ್ಣೆ ಹಚ್ಚಿ, ಮೊಳೆಗೆ ತೂಗುಹಾಕಿದರು. ಬೆದರಿಸಲು ಅಲ್ಲ, ಅವರ ಸ್ವಭಾವವೇ ಅದು. ಬೇಕಾಗಬಹುದಾದ್ದನ್ನು ತಯಾರಿಡುವವರು.

ತಪ್ಪು ನನ್ನದೇ ಇತ್ತು. ಗಾಡಿ ಹೊರಡುವ ಮುಂಚೆ ಪ್ರತಿ ಸಲವೂ ನಾನು ಆ ಕಂಬಳಿಯ ತುಂಡನ್ನು ಮರಿಯ ಮುಖಕ್ಕೆ ಸುತ್ತುತ್ತಿದ್ದೆ. ಕಾಕಾ ಸುತ್ತಿ ಕೊಟ್ಟಿದ್ದ, ಹಾಗೆಯೇ ಕರೆದುಕೊಂಡು ಹೋಗಬೇಕು ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಒಂದು ದಿನ ಜಾಬರ್‌ನನ್ನು, ಅಂದರೆ ಮಗ್ಗ ರಿಪೇರಿ ಮಾಡುವವನನ್ನು, ಕರೆತರಲು ಗಂಡ ಪಕ್ಕದ ಊರು ಕೊರೋಚಿಗೆ ಹೊರಟರು, ಮರಿಯನ್ನು ಎತ್ತಿಕೊಂಡು ನಾನೂ ಹತ್ತಿದೆ. ಅತ್ತೆ ಜೊತೆಗಿರಲಿಲ್ಲ. ಊರು ದಾಟಿದ ಮೇಲೆ ಗಾಡಿ ಗುಂಡಿಗೆ ಬಿದ್ದು ಎದ್ದಾಗ ಕಂಬಳಿ ಜಾರಿತು. ಮತ್ತೆ ಸುತ್ತಲು ಕೈ ಚಾಚಿದೆ, ಮರಿ ಆಗಲೇ ಎದ್ದು ಕಿಟಕಿಗೆ ಮುಂಗಾಲು ಕೊಟ್ಟಿತ್ತು. ಹೊರಗೆ ಕಬ್ಬಿನ ಗದ್ದೆ. ಸೈಕಲ್ಲಿನ ಮೇಲೆ ನೂಲಿನ ಗಂಟು ಹೇರಿಕೊಂಡು ಒಬ್ಬ ಹೋಗುತ್ತಿದ್ದ. ಮರಿ ಅವನು ಕಾಣುವಷ್ಟು ದೂರವೂ ನೋಡಿತು. ಕೊರೋಚಿ ಬಂತು. ವಾಂತಿಯಾಗಲಿಲ್ಲ.

"ಕಣ್ಣ ಮುಚ್ಚಿದ್ರ ನಂಗೂ ಹಂಗ ಆಗತೈತಿ," ಅಂದರು ಗಂಡ, ಮುಂದೆ ನೋಡುತ್ತಲೇ. "ನೀನೂ ಸೆರಗ ಮ್ಯಾಲ ಮಾಡ್ಕೊ. ಇಲ್ಲಿ ಯಾರದಾರ?"

ಸೆರಗು ಮೇಲೆ ಮಾಡಿದೆ. ನನಗೂ ವಾಂತಿಯಾಗಲಿಲ್ಲ. ಇಷ್ಟೇ ಸಾಕಾಗಿತ್ತಲ್ಲ ಎಂದು ಸಿಟ್ಟು ಬಂತು. ಅಷ್ಟು ದಿನಗಳಲ್ಲಿ ನನಗೆ ಬಂದ ಮೊದಲ ಸಿಟ್ಟು ಅದು, ಯಾರ ಮೇಲೆ ಮಾಡಬೇಕೋ ತಿಳಿಯದೆ ಹಾಗೇ ಇಳಿದುಹೋಯಿತು.

ಆಮೇಲೆ ಜಯಸಿಂಗಪುರಕ್ಕೆ ಒಮ್ಮೆ, ಕೊಲ್ಹಾಪುರಕ್ಕೆ ಎರಡು ಸಲ ಹೋದೆವು. ಪಂಚಮಿಯ ಹಿಂದಿನ ದಿನ ಮರಿ ನನ್ನ ಪಕ್ಕದಲ್ಲಿ ಕೂತು ತವರಿಗೆ ಹೊರಟಿತು. ಸರಪಳಿ ಮೊಳೆಯ ಮೇಲೇ ಉಳಿಯಿತು. ಅತ್ತೆ ಬಂದಿರಲಿಲ್ಲ. ಕಾಗಲ ಹೇಗಿದೆ, ನಿಪ್ಪಾಣಿ ಹೇಗಿದೆ, ಸಂಕೇಶ್ವರದಲ್ಲಿ ಯಾವ ಕಡೆಗೆ ಹೊರಳಬೇಕು, ಎಲ್ಲವನ್ನೂ ಆ ದಿನ ನೋಡಿದೆ. ಅಷ್ಟೇನೂ ದೂರವಿರಲಿಲ್ಲ.

ನಮ್ಮನ್ನು ಇಳಿಸಿ ಗಂಡ ತಿರುಗಿ ಹೋದರು. ಕಾಕಾ ಬಂದು ಮರಿಯ ಬಾಯಿ ತೆರೆದು ಹಲ್ಲು ನೋಡಿದ.

"ಮಾರಿ ಮುಚ್ಚಿ ತಂದೀಯಿಲ್ಲೋ?"

"ಇಲ್ಲ ಕಾಕಾ. ಮುಚ್ಚಿದ್ರ ಕಾರತೈತಿ."

"ಹಂಗಾರ ಆತ ಬಿಡ. ದಾರಿ ಕಂಡೈತಿ. ಇನ್ನ ಇದು ಅಲ್ಲಿ ನಿಂದ್ರೂದಿಲ್ಲ."

ಮಳೆಗಾಲದಲ್ಲಿ ಕಾಕಾನ ಹಿಂಡು ನಮ್ಮ ಮನೆಯ ಬೇಲಿಯಾಚೆಯ ಬೀಳಿನಲ್ಲಿರುತ್ತಿತ್ತು; ಐದು ದಿನ ಮರಿ ಆ ಹಿಂಡಿನಲ್ಲೇ ಇತ್ತು. ತಾಯಿಯ ಜೊತೆ ಮಲಗುತ್ತಿತ್ತು, ನಾನು ಕರೆದರೆ ಬಾಲ ಅಲ್ಲಾಡಿಸಿ ಅಲ್ಲೇ ಉಳಿಯುತ್ತಿತ್ತು. ಅದು ಹಾಗೆ ಉಳಿಯುವುದೇ ನನಗೆ ಬೇಕಿತ್ತು. ಈಗ ಹೇಳಲು ನಾಚಿಕೆಯೇನಿಲ್ಲ. ಮರಿ ಕಾರು ಹತ್ತದಿದ್ದರೆ ಅದನ್ನು ಹುಡುಕುವ ನೆಪದಲ್ಲಿ ಒಂದು ದಿನ ಉಳಿಯಬಹುದು, ಅದು ಬರಲೊಲ್ಲದು ಎಂದು ಇನ್ನೊಂದು ದಿನ, ಆಮೇಲೆ ನನಗೂ ಬರಲು ಮನಸ್ಸಿಲ್ಲ ಎಂಬ ಮಾತನ್ನು ಹೇಗೋ ಬಾಯಿಂದ ಹೊರಡಿಸಬಹುದು. ಪಂಚಮಿಗೆ ಕಟ್ಟಿದ ಉಯ್ಯಾಲೆಯ ಮೇಲೆ ಕೂತು ಆ ಮಾತನ್ನೇ ಜೋಡಿಸುತ್ತಿದ್ದೆ. ಪೂರ್ತಿ ಜೋಡಿಸಿಯೂ ಇದ್ದೆ.

ಆರನೆಯ ದಿನ ಗಂಡ ಬಂದು ಚಹಾ ಕುಡಿದರು. ನನ್ನ ಚೀಲ, ಅವ್ವ ಕಟ್ಟಿದ ಉಂಡಿಯ ಡಬ್ಬಿ ಎಲ್ಲ ಹಿಂದಿನ ಸೀಟಿಗೆ ಹೋದವು. "ಮರಿ ಎಲ್ಲೈತಿ?" ಅಂದರು. "ಹಿಂಡಿನಾಗೈತ್ರಿ. ಬರಾಂಗಿಲ್ಲ ಕಾಣತೈತಿ," ಅಂದೆ. ಮುಂದಿನ ಮಾತು ನಾಲಿಗೆಯ ಮೇಲೇ ಇತ್ತು. ಅವರು ಕಾರಿನಲ್ಲಿ ಕೂತು ಇಂಜಿನ್ ಚಾಲೂ ಮಾಡಿದರು.

ಬೇಲಿಯಾಚೆ ಕುರಿಗಳು ಎರಡು ಭಾಗವಾದವು. ನಡುವಿನಿಂದ ಮರಿ ಓಡಿಬಂತು. ತೆರೆದ ಬಾಗಿಲಿನಿಂದ ಹಾರಿ, ತನ್ನ ಜಾಗದಲ್ಲಿ ಕೂತು, ಇನ್ನೂ ಹೊಸ್ತಿಲಲ್ಲೇ ನಿಂತಿದ್ದ ನನ್ನ ಕಡೆ ನೋಡಿತು. ಮನೆಯವರೆಲ್ಲ ನಕ್ಕರು. ಅವ್ವ ನನ್ನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಮುಂದೆ ದೂಡಿದಳು.

"ಚೊಲೊ ರೂಢಿ ಮಾಡೀದಿ ತಂಗಿ," ಅಂದ ಕಾಕಾ. ಮನಸಾರೆ ಹೊಗಳಿದ್ದ.

"ಹೌದ ಕಾಕಾ," ಅಂದು ಹತ್ತಿ ಕೂತು ಬಾಗಿಲು ಹಾಕಿಕೊಂಡೆ. ಕಿಟಕಿಯ ಪಕ್ಕದ ಜಾಗವನ್ನು ಮರಿಗೆ ಬಿಟ್ಟೆ. ಸಂಕೇಶ್ವರ ಬರುವವರೆಗೂ ಅದು ಮುಂದೆಯೇ ನೋಡುತ್ತಿತ್ತು, ಒಮ್ಮೆಯೂ ಹಿಂದಕ್ಕೆ ತಿರುಗಲಿಲ್ಲ. ನಾನು ತಿರುಗಿ ನೋಡಿದೆ.