ಅಪ್ಪನ ರಿಂಗು ಹಾರಿದ ದಿನ

ರಾಕೆಟ್ ಹಾರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು ಹೇಳಿದರೆ ವಿದ್ಯಾರ್ಥಿಗಳು ನಂಬುತ್ತಾರೆ. ಈಚೆಗೆ ನನಗೇ ನಂಬಿಕೆ ಬರುತ್ತಿಲ್ಲ. ನೆನಪಿನಲ್ಲಿ ಕಿತ್ತಳೆ ಬಣ್ಣದ ಬೆಂಕಿ ಇದೆ, ಬಿಳಿ ಹೊಗೆ ಇದೆ, ಎಡಗಡೆ ಒಂದು ಎತ್ತರದ ಕಬ್ಬಿಣದ ಗೋಪುರವೂ ಇದೆ. ನಾವು ನಿಂತಿದ್ದ ಜಾಗದಿಂದ ಆ ಗೋಪುರ ಅಷ್ಟು ಸ್ಪಷ್ಟವಾಗಿ ಕಾಣಲು ಸಾಧ್ಯವೇ ಇರಲಿಲ್ಲ. ಅದು ಮರುದಿನದ ಪೇಪರಿನ ಫೋಟೋದಿಂದ ಎದ್ದು ಬಂದು ನನ್ನ ತಲೆಯೊಳಗೆ ಬಿಡಾರ ಹೂಡಿರಬೇಕು.

ಹೋದದ್ದು ಮಾತ್ರ ನಿಜ. ಹೋದದ್ದು ಅಪ್ಪನಿಗಾಗಿ.

ಅಪ್ಪ ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ಲೇತ್ ಮೇಲೆ ಲೋಹ ಕಡೆಯುವ ಟರ್ನರ್ ಆಗಿದ್ದ. ನಿವೃತ್ತನಾದ ಮೇಲೆ ಕಾಗದನಗರದ ಕ್ವಾರ್ಟರ್ಸ್ ಬಿಟ್ಟು, ಅಲ್ಲೇ ಹತ್ತಿರದ ಒಂದು ಓಣಿಯಲ್ಲಿ ಬಾಡಿಗೆ ಮನೆ ಹಿಡಿದ. ಮನೆಯಲ್ಲಿ ಕೂರಲಾಗದೆ ಶಿವಮೊಗ್ಗದ ಒಂದು ಸಣ್ಣ ಲೇತ್ ವರ್ಕ್‌ಶಾಪಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ. ಅಲ್ಲಿಗೆ ಒಮ್ಮೆ ಬೆಂಗಳೂರಿನ ಯಾವನೋ ಕಂಟ್ರಾಕ್ಟರನಿಂದ ಆರು ಉಕ್ಕಿನ ರಿಂಗುಗಳ ಕೆಲಸ ಬಂತು. ಡ್ರಾಯಿಂಗಿನ ಮೇಲೆ ಹೆಸರಿಲ್ಲ, ಏತಕ್ಕೆಂದೂ ಇಲ್ಲ. ವರ್ಕ್‌ಶಾಪಿನ ಓನರು ಬಾಗಿಲು ಅರ್ಧ ಮುಚ್ಚಿ, "ರಾಕೆಟ್ಟಿಗಂತೆ. ಹೊರಗೆ ಎಲ್ಲೂ ಹೇಳ್ಬೇಡಿ" ಎಂದರು. ಅಪ್ಪ ಅವತ್ತು ಸಂಜೆಯೇ ಪಕ್ಕದ ಮನೆಯವರಿಗೆ ಹೇಳಿದ.

ಪಕ್ಕದ ಮನೆಯವರು ಅದೇ ಕಾರ್ಖಾನೆಯ ಫೋರ್‌ಮನ್. ನಿವೃತ್ತಿಯಾದ ಮೇಲೂ ಇಡೀ ಓಣಿಗೆ ಫೋರ್‌ಮನ್.

"ರಾಕೆಟ್ಟಿಗೆ ಅಂತ ಯಾರ್ ಹೇಳಿದ್ದು?"

"ಓನರು."

"ಅವ್ರಿಗೆ ಯಾರ್ ಹೇಳಿದ್ದು? ಯಾವ್ದೋ ಬೋರ್‌ವೆಲ್ ಪಂಪಿಗಿರ್ಬೇಕು ಮಾರಾಯ. ಹೊಳೆಹೊನ್ನೂರಲ್ಲಿ ಯಾರದೋ ತೋಟಕ್ಕೆ ನೀರೆತ್ತುತ್ತಾ ಇರುತ್ತೆ ನಿನ್ ರಿಂಗು."

ಅಲ್ಲಿಂದ ಶುರುವಾಯಿತು. ಅಪ್ಪ ಬಸ್ಸಿಳಿದು ಬರುವಾಗ ಓಣಿಯ ತುದಿಯ ಅರಳಿಕಟ್ಟೆಯ ಮೇಲಿಂದ ಒಬ್ಬರಲ್ಲ ಒಬ್ಬರು, "ಏನು, ಹಾರ್ತಾ?" ಎಂದು ಕೇಳುವರು. ಕೊನೆಗೆ ಒಂದು ದಿನ ಅಪ್ಪ ಕಟ್ಟೆಯ ಎದುರು ನಿಂತು, "ಹಾರೋದನ್ನ ನನ್ ಕಣ್ಣಲ್ಲಿ ನೋಡ್ಕೊಂಡು ಬಂದು ಹೇಳ್ತೀನಿ. ಅಲ್ಲೀವರೆಗೆ ನೀವೂ ಮಾತಾಡ್ಬೇಡಿ, ನಾನೂ ಆಡಲ್ಲ" ಎಂದ. ಅವತ್ತಿನಿಂದ ಕಟ್ಟೆಗೆ ಹೋಗುವುದನ್ನೇ ಬಿಟ್ಟ. ಕ್ವಾರ್ಟರ್ಸಿನಲ್ಲಿದ್ದಾಗಿನಿಂದಲೂ ಮೂವತ್ತು ವರ್ಷ ಸಂಜೆ ಹೊತ್ತು ಕೂತ ಜಾಗ ಅದು. ಅದು ತಪ್ಪಿದ್ದಕ್ಕೆ ಅಪ್ಪ ಎಷ್ಟು ಸೊರಗಿದ ಎಂದರೆ ಅಮ್ಮ ನನಗೆ ಶಿವಮೊಗ್ಗಕ್ಕೆ ಫೋನ್ ಮಾಡಿ, "ಇವ್ರನ್ನ ಅದೇನೋ ಒಂದು ತೋರಿಸ್ಕೊಂಡು ಬಾರೋ ಮಾರಾಯ" ಎಂದಳು.

ನಾನು ಅಪ್ಪನಿಗೆ ತರ್ಕ ಹೇಳಿದೆ. ರಾಕೆಟ್ ಹಾರಿದರೂ ಅದರಲ್ಲಿ ಇವನದೇ ರಿಂಗು ಇದೆ ಎಂದು ಗೊತ್ತಾಗುವುದು ಹೇಗೆ? ಅಪ್ಪ ನನ್ನನ್ನು ಅಳತೆ ತಪ್ಪಿದ ಪೀಸನ್ನು ನೋಡುವಂತೆ ನೋಡಿ, "ಟಿಕೆಟ್ ಮಾಡ್ಸು" ಎಂದ.

ಉಡಾವಣೆಯ ಸುದ್ದಿ ಪೇಪರಿನಲ್ಲಿ ಬಂದಾಗ ಅಪ್ಪ, ಅಮ್ಮ, ನಾನು ಹೊರಟೆವು. ಬೆಂಗಳೂರು, ಚೆನ್ನೈ, ಅಲ್ಲಿಂದ ಲೋಕಲ್ ರೈಲಿನಲ್ಲಿ ಸೂಳ್ಳೂರುಪೇಟೆ, ಆಮೇಲೆ ಆಟೋ. ಶ್ರೀಹರಿಕೋಟಾಗೆ ಹೋಗುವ ರಸ್ತೆಯಲ್ಲಿ ಪೊಲೀಸರು ತಡೆದರು. ಉಪ್ಪುನೀರಿನ ದೊಡ್ಡ ಸರೋವರದ ದಡದಲ್ಲಿ, ಒಂದು ತಗಡಿನ ಟೀ ಅಂಗಡಿಯ ಪಕ್ಕ, ಊರವರ ಜೊತೆ ನಿಂತೆವು. ನೀರಿನಾಚೆ ಮಸುಕಾದ ಒಂದು ಗೆರೆ. ರಾಕೆಟ್ ಅಲ್ಲಿಂದಲೇ ಏಳುವುದು ಎಂದರು.

ಟೀ ಅಂಗಡಿಯವನು ಅದು ಹತ್ತು ಕಿಲೋಮೀಟರ್ ದೂರ ಎಂದ. ನಾನು ಹದಿನೈದಕ್ಕೆ ಕಡಿಮೆಯಿಲ್ಲ ಎಂದೆ. ಅವನದು ತೆಲುಗು, ನನ್ನದು ಕನ್ನಡ, ಜಗಳಕ್ಕೆ ಸಾಕಾಗುವಷ್ಟು ಇಬ್ಬರಿಗೂ ಅರ್ಥವಾಗುತ್ತಿತ್ತು. ಇದನ್ನು ಇತ್ಯರ್ಥ ಮಾಡಲು ಸುಲಭದ ದಾರಿಯಿತ್ತು. ಬೆಳಕು ಕಂಡ ಕ್ಷಣದಿಂದ ಶಬ್ದ ಬರುವವರೆಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ದೂರ ಸಿಗುತ್ತದೆ. "ಮೊದ್ಲು ಬೆಂಕಿ ಕಾಣುತ್ತೆ, ಶಬ್ದ ಮುಕ್ಕಾಲು ನಿಮಿಷ ಬಿಟ್ಟು ಬರುತ್ತೆ" ಎಂದು ಅಪ್ಪನಿಗೂ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಹೇಳಲೇ ಇಲ್ಲ ಎಂದು ಅಪ್ಪ ಕೊನೆಯವರೆಗೂ ವಾದಿಸಿದ. ಅಮ್ಮನನ್ನು ಕೇಳಿದರೆ, "ಹೇಳಿದ್ದೆ. ಆದ್ರೆ ಟೀ ಅಂಗಡಿಯವ್ನಿಗೆ" ಎನ್ನುತ್ತಾಳೆ.

ಅಪ್ಪನ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಅವನು ಯಂತ್ರವನ್ನು ನೋಡಿ ಪರೀಕ್ಷಿಸುತ್ತಿರಲಿಲ್ಲ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಲೇತಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚುತ್ತಿದ್ದ. ಯಾವ ಬೇರಿಂಗ್ ಸವೆದಿದೆ ಎಂದು ಅಲ್ಲೇ ಹೇಳುತ್ತಿದ್ದ. ಕಣ್ಣು ತೆರೆದಿದ್ದರೆ ಕಿವಿ ಸೋಮಾರಿಯಾಗುತ್ತದೆ ಎಂಬುದು ಅವನ ಸಿದ್ಧಾಂತ. ಒಮ್ಮೆ ಸಂಬಂಧಿಕರ ಮದುವೆಯಲ್ಲಿ ಜನರೇಟರ್ ಮುಂದೆ ಹಾಗೆ ಕಣ್ಣು ಮುಚ್ಚಿ ನಿಂತು, ಧಾರೆ ಮುಗಿದದ್ದೇ ಅವನಿಗೆ ಗೊತ್ತಾಗಿರಲಿಲ್ಲ.

ಯಾರದೋ ರೇಡಿಯೋದಲ್ಲಿ ತೆಲುಗು ಅಂಕಿಗಳು ಇಳಿಯತೊಡಗಿದವು. ಅಪ್ಪ ಬಲಗಿವಿಯನ್ನು ನೀರಿನ ಕಡೆ ತಿರುಗಿಸಿ ಕಣ್ಣು ಮುಚ್ಚಿದ. ಜನ ಒಮ್ಮೆಲೇ ಹೋ ಎಂದರು.

"ರೀ! ಹೊರಡ್ತು! ನೋಡ್ರೀ!" ಅಮ್ಮ ಅವನ ತೋಳು ಎಳೆದಳು.

"ತಡಿಯೇ. ಇನ್ನೂ ಸ್ಟಾರ್ಟೇ ಆಗಿಲ್ಲ."

"ಅಯ್ಯೋ, ಮೇಲಕ್ಕೆ ಹೋಗ್ತಾ ಇದೆ ರೀ!"

"ಶಬ್ದ ಇಲ್ದೆ ಯಾವ ಎಂಜಿನ್ನೇ ಹೋಗುತ್ತೆ? ಸುಮ್ನಿರು. ಈ ಜನಕ್ಕೂ ಸುಮ್ನಿರೋಕೆ ಹೇಳು."

ಆಗ ನಾನೇಕೆ ಬಾಯಿ ಬಿಡಲಿಲ್ಲ? ಬೆಳಕು ಕಂಡದ್ದೇ ತಲೆ ತಗ್ಗಿಸಿ ಕೈಗಡಿಯಾರ ನೋಡುತ್ತಿದ್ದೆ. ಹದಿನಾರು, ಹದಿನೇಳು, ಹದಿನೆಂಟು. ಮಾತಾಡಿದರೆ ಎಣಿಕೆ ತಪ್ಪುತ್ತದೆ. ತಲೆ ಎತ್ತಿದರೆ ಮುಳ್ಳು ತಪ್ಪುತ್ತದೆ. ಮೂವತ್ತು ದಾಟಿದ ಮೇಲೆ ಜನರ ಕೂಗು ತಗ್ಗಿತು. ರಾಕೆಟ್ ಮೋಡದೊಳಗೆ ಹೊಕ್ಕಿತ್ತಂತೆ. ನಲವತ್ತೊಂಬತ್ತಕ್ಕೆ ಶಬ್ದ ಬಂತು. ಅದು ಕಿವಿಗೆ ಬರಲಿಲ್ಲ, ಎದೆಗೆ ಬಂತು. ಟೀ ಅಂಗಡಿಯ ತಗಡು ಗಡಗಡ ನಡುಗಿತು.

ಅಪ್ಪನ ಮುಖ ಅರಳಿತು. "ಈಗ ಸ್ಟಾರ್ಟ್ ಆಯ್ತು ನೋಡು!" ಎಂದು ಕಣ್ಣು ತೆರೆದ. ನೀರಿನಾಚೆ ಒಂದು ಹೊಗೆಯ ಕಂಬ ಗಾಳಿಗೆ ಸೊಟ್ಟಗಾಗುತ್ತಿತ್ತು.

"ಎಲ್ಲೇ?"

"ಹೋಯ್ತು" ಎಂದಳು ಅಮ್ಮ.

"ಹದಿನಾರು ಕಿಲೋಮೀಟರ್ ಚಿಲ್ಲರೆ" ಎಂದೆ ನಾನು. ಯಾರೂ ಕೇಳಿರಲಿಲ್ಲ.

ವಾಪಸು ಬರುವಾಗ ರೈಲು ಅರಸೀಕೆರೆ ದಾಟಿತು. "ಕಟ್ಟೇಲಿ ಏನಂತ ಹೇಳ್ಲಿ?" ಎಂದ ಅಪ್ಪ.

"ನೋಡಿದೆ ಅಂತ ಹೇಳ್ಬಿಡಪ್ಪ. ಯಾರಿಗ್ ಗೊತ್ತಾಗುತ್ತೆ?"

"ಆರು ರಿಂಗಲ್ಲಿ ಒಂದಕ್ಕೂ ಸುಳ್ಳು ಅಳತೆ ಬರೆದಿಲ್ಲ ಕಣೋ ನಾನು" ಎಂದು ಕಿಟಕಿಯ ಕಡೆ ತಿರುಗಿದ.

ಕಟ್ಟೆಗೆ ಹೋಗುವ ಪ್ರಮೇಯವೇ ಬರಲಿಲ್ಲ. ನಾವು ಚೀಲ ಇಳಿಸುವಷ್ಟರಲ್ಲಿ ಕಟ್ಟೆಯೇ ಮನೆಗೆ ಬಂತು. ಫೋರ್‌ಮನ್ ಮತ್ತು ಅವರ ಹಿಂದೆ ಮೂರು ಜನ. ಅಮ್ಮ ಕಾಫಿ, ನಿಪ್ಪಟ್ಟು ಕೊಟ್ಟಳು.

"ನೋಡಿದ್ಯಾ?"

"ಕೇಳಿದೆ" ಎಂದ ಅಪ್ಪ.

"ಕೇಳೋಕೆ ಅಲ್ಲೀವರೆಗೆ ಹೋದ್ಯಾ? ಮನೇಲಿ ರೇಡಿಯೋ ಇರ್ಲಿಲ್ವಾ?"

ಎಲ್ಲರೂ ನಕ್ಕರು. ಅಪ್ಪ ಅಮ್ಮನ ಕಡೆ ತಿರುಗಿದ. "ಇವಳು ನೋಡಿದ್ಳು. ಇವಳೇ ಹೇಳ್ಲಿ" ಎಂದ. ಅಮ್ಮ ಶುರು ಮಾಡಿದ ಯಾವ ಮಾತನ್ನೂ ತಾನೇ ಮುಗಿಸುವ ಮನುಷ್ಯ ಅವನು. ಅಮ್ಮನಿಗೂ ಗಾಬರಿಯಾಗಿರಬೇಕು. ಸೆರಗಿಗೆ ಕೈ ಒರೆಸಿಕೊಂಡಳು.

"ಗ್ಯಾಸ್ ಒಲೇನ ಬೋರಲು ಹಿಡಿದಂಗೆ ಬೆಂಕಿ, ಕೆಳಕ್ಕೆ. ಮೊದ್ಲು ಮಂಡಿನೋವಿನವ್ರು ಏಳ್ತಾರಲ್ಲ, ಹಂಗೆ ನಿಧಾನ. ಏಳುತ್ತೋ ಇಲ್ವೋ ಅನ್ನಿಸ್ತು. ಎದ್ದ ಮೇಲೆ ಹಿಂದೆ ತಿರುಗಿ ನೋಡ್ಲಿಲ್ಲ."

"ರಿಂಗು ಕಾಣಿಸ್ತೇನಮ್ಮಾ?" ಎಂದರು ಫೋರ್‌ಮನ್.

"ಕಾಣ್ಲಿಲ್ಲ ಅಣ್ಣಾ. ಆದ್ರೆ ಏನೂ ಕಳಚಿ ಬೀಳ್ಲೂ ಇಲ್ಲ. ಇವ್ರು ಮಾಡಿದ್ದು ಸರಿಯಿಲ್ದಿದ್ರೆ ಬೀಳ್ಬೇಕಿತ್ತಲ್ಲ?"

ಈ ವಾದದಲ್ಲಿ ಕನಿಷ್ಠ ಎರಡು ತೂತುಗಳಿದ್ದವು. ಹೇಳಲು ಬಾಯಿ ತೆರೆದೆ. ಅಪ್ಪ ನನ್ನನ್ನೇ ನೋಡುತ್ತಿದ್ದ. ತೆರೆದ ಬಾಯಿಗೆ ಒಂದು ನಿಪ್ಪಟ್ಟು ಹಾಕಿಕೊಂಡೆ.

ಫೋರ್‌ಮನ್ ಕೂಡ ಯೋಚಿಸಿ, "ಅದೂ ಸರಿನೇ. ನಾಳೆ ಕಟ್ಟೆಗೆ ಬಾರಪ್ಪ" ಎಂದರು.

ಅಪ್ಪನಿಗೆ ಅದು ಕೇಳಿಸಿದಂತಿರಲಿಲ್ಲ. "ನೆಟ್ಟಗೇ ಹೋಯ್ತೇನೇ?" ಎಂದು ಅಮ್ಮನನ್ನು ಕೇಳಿದ.

"ಮೊದ್ಲು ನೆಟ್ಟಗೆ. ಆಮೇಲೆ ಸಮುದ್ರದ ಕಡೆಗೆ ಸ್ವಲ್ಪ ವಾಲ್ತು."

"ಎಷ್ಟು?"

ಅಮ್ಮ ಫೋರ್‌ಮನ್‌ರ ಕೈಯಿಂದ ಖಾಲಿ ಲೋಟ ತೆಗೆದುಕೊಂಡು, ನೆಲದಿಂದ ಮೇಲೆತ್ತಿ, ಎದೆಯ ಮಟ್ಟಕ್ಕೆ ಬಂದಾಗ ಮೆಲ್ಲಗೆ ವಾಲಿಸಿದಳು. ಅಪ್ಪ ಕನ್ನಡಕ ಹಾಕಿಕೊಂಡು ಹತ್ತಿರ ಬಂದು ಕೂತ.

"ಇನ್ನೊಂದ್ಸಲ ತೋರ್ಸು" ಎಂದ. "ಕೆಳಗಿಂದ."